ಬೆನ್ನ ಹಿಂದಿನ ಕುಣಿ

ಬೀಳ್ಕೊಡುಗೆಯ ದಿನ ಗಣಿತದ ಸರ್ ಕುರ್ಚಿಯಿಂದ ಎದ್ದು ಮೈಕಿನವರೆಗೆ ಒಬ್ಬರೇ ನಡೆದುಹೋದರು. ವೇದಿಕೆಯ ಮೇಲೆ ವೈರುಗಳು ಹರಿದಾಡಿದ್ದವು. ಒಂದು ಹೂಕುಂಡ ಅಡ್ಡ ಇತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ ಇಟ್ಟ ಟೀಪಾಯಿ ಇತ್ತು. ಯಾವುದಕ್ಕೂ ತಾಗದೆ ಹೋಗಿ ನಿಂತು, "ಇಷ್ಟ ವರ್ಷ ಗಣಿತ ಕಲಿಸಿದ್ದಕ್ಕ ಎಲ್ಲಾರೂ ನನ್ನ ಮಾಫ್ ಮಾಡ್ರಿ" ಎಂದರು. ಸಭೆ ನಕ್ಕಿತು. ನನ್ನ ಪಕ್ಕದಲ್ಲಿ ಕುಳಿತಿದ್ದ ನಮ್ಮ ಕಾಲೇಜಿನ ಪಿ.ಟಿ. ಸರ್ ಮೊಳಕೈಯಿಂದ ತಿವಿದರು.

"ಕಣ್ಣ ಹೋಗ್ಯಾವು ಅಂತ ಊರೆಲ್ಲಾ ಸುದ್ದಿ. ನೋಡ್ರಿ ಹೆಂಗ ಹೊಂಟಾರ. ನನಗಿಂತ ಛಲೋ ನಡೀತಾರ."

ನಾನು ಅವರ ಕಾಲು ನೋಡುತ್ತಿದ್ದೆ. ಅವು ನೆಲ ಬಿಟ್ಟು ಏಳಲೇ ಇಲ್ಲ. ಒಂದು ಪಾದ ಮುಂದೆ ಸರಿದು ನೆಲವನ್ನು ಮುಟ್ಟಿ ನೋಡುತ್ತಿತ್ತು, ಆಮೇಲೆ ಮೈಭಾರ ಅದರ ಮೇಲೆ ಬರುತ್ತಿತ್ತು, ಆಮೇಲಷ್ಟೇ ಇನ್ನೊಂದು ಪಾದ. ಪ್ಯಾಂಟಿನ ಅಂಚು ಉದ್ದ ಇದ್ದುದರಿಂದ ಉಳಿದವರಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು, ಯಾಕೆಂದರೆ ಆ ನಡಿಗೆಯನ್ನು ಅವರು ನನಗೂ ಕಲಿಸಿದ್ದರು. ಬೆಟಗೇರಿಯ ಅವರ ಮನೆಯಲ್ಲಿ, ಕಣ್ಣಿಗೆ ವಿ.ಆರ್. ಹೆಡ್‌ಸೆಟ್ ಕಟ್ಟಿ, ಕೈಗೆ ಇಲ್ಲದ ಕತ್ತಿಯೊಂದನ್ನು ಕೊಟ್ಟು.

ನಾನು ಇತಿಹಾಸ ಪಾಠ ಮಾಡುವವನು. ಕಣ್ಣಾರೆ ಕಂಡೆ ಎನ್ನುವವನನ್ನು ಎಲ್ಲರಿಗಿಂತ ಮೊದಲು ಅನುಮಾನಿಸಬೇಕು ಎಂದು ಧಾರವಾಡದಲ್ಲಿ ಓದುವಾಗ ಕಲಿತೆ, ಅದನ್ನೇ ಹುಡುಗರಿಗೆ ಹೇಳುತ್ತ ಬಂದಿದ್ದೇನೆ. ಅವರ ವಿಷಯದಲ್ಲಿ ಕಣ್ಣಾರೆ ಕಂಡವನು ನಾನೇ. ಕೆಲವನ್ನು ನಾನು ಕಂಡೆನೋ, ಪಿ.ಟಿ. ಸರ್ ಹೇಳಿದ್ದನ್ನು ಕೇಳಿ ಕಂಡಂತೆ ಮಾಡಿಕೊಂಡೆನೋ ಎಂಬುದು ಈಗ ಬೇರ್ಪಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಗಣಿತದ ಸರ್ ಸಣ್ಣ ಆಳು. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಯಾವಾಗಲೂ ಒಂದು ಸೀಮೆಸುಣ್ಣದ ತುಂಡು. ಹಲಗೆಯ ಮೇಲೆ ಬರೆಯುವಾಗ ಎಡ ಅಂಗೈಯನ್ನು ಹಲಗೆಗೆ ಒತ್ತಿ ಇಟ್ಟಿರುತ್ತಿದ್ದರು. ಮಕ್ಕಳ ಕಡೆ ತಿರುಗಿ ಮಾತಾಡುವಾಗಲೂ ಆ ಕೈ ಅಲ್ಲಿಯೇ. ಎಲ್ಲಿ ಬಿಟ್ಟಿದ್ದೇನೆ ಎಂಬುದು ಮರೆಯಬಾರದೆಂದು ಹಾಗೆ ಎಂದು ನಾವು ನಗುತ್ತಿದ್ದೆವು. ಸ್ಟಾಫ್ ರೂಮಿನಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕುಳಿತವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಹೋಗುವಾಗ ಬರುವಾಗ ಒಂದು ಪ್ರಶ್ನೆ ಎಸೆಯುತ್ತಿದ್ದರು: "ಸರ, ಹಿಂದ ಏನೈತಿ?" ತಿರುಗಿ ನೋಡದೆ ಉತ್ತರ ಹೇಳಬೇಕು. ಕಪಾಟು ಎಂದರೆ, ಅದರ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂದು ಕೇಳುವರು. ಗೊತ್ತಿಲ್ಲ ಎಂದರೆ ತಲೆ ಅಲ್ಲಾಡಿಸಿ ಮುಂದೆ ಹೋಗುವರು. ಅದೊಂದು ಚಟ ಎಂದು ನಾವು ಸುಮ್ಮನಾಗಿದ್ದೆವು.

ಹೊರಗಿನದನ್ನೆಲ್ಲ ಮುಚ್ಚಿ ಕಣ್ಣ ಮುಂದೆ ಬೇರೊಂದು ಲೋಕ ತೋರಿಸುವ ಆ ಹೆಡ್‌ಸೆಟ್ಟನ್ನು ಅವರು ಹುಬ್ಬಳ್ಳಿಯಲ್ಲಿ ಮುಚ್ಚಿಹೋದ ಒಂದು ಗೇಮ್ ಅಂಗಡಿಯಿಂದ ಕೊಂಡು ತಂದಿದ್ದರು. ಮೂರು ಆಯಾಮದ ಜ್ಯಾಮಿತಿ ಕಲಿಸಲು ಅನುಕೂಲ ಎಂದು ಪ್ರಾಂಶುಪಾಲರಿಗೆ ತೋರಿಸಿದರು. ಪ್ರಾಂಶುಪಾಲರು ಹಾಕಿಕೊಂಡರು. ಒಳಗೆ ಏನು ಕಂಡಿತೋ, ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡು, "ಇದು ಮಾತ್ರ ಕಾಲೇಜಿನ್ಯಾಗ ಬ್ಯಾಡ್ರೆಪಾ" ಎಂದು ತೆಗೆದುಕೊಟ್ಟರು. ಯಂತ್ರ ಮನೆಗೆ ಬಂತು. ಅದರಲ್ಲಿ ಮೊದಲೇ ಇದ್ದ ಆಟಗಳಲ್ಲಿ ಒಂದು ಕತ್ತಿವರಸೆಯದು. ಕಬ್ಬಿಣದ ಟೊಪ್ಪಿಗೆ ಹಾಕಿದ ಒಬ್ಬ ಎದುರಾಳಿ, ಮಣ್ಣಿನ ಅಂಗಳ, ಸುತ್ತ ಕೂಗುವ ಜನ. ಎರಡು ಕೈಯಲ್ಲಿ ಎರಡು ಹಿಡಿಕೆ ಹಿಡಿದರೆ ಒಂದು ಕತ್ತಿ, ಒಂದು ಗುರಾಣಿ. ಜ್ಯಾಮಿತಿ ಅಲ್ಲಿಗೇ ನಿಂತಿತು.

ಅವರದು ನೇಕಾರರ ಮನೆ. ತಂದೆಯ ಕಾಲಕ್ಕೆ ಕುಣಿಮಗ್ಗ ಇತ್ತು: ನೆಲದಲ್ಲಿ ತೊಡೆಯಷ್ಟು ಆಳದ ಒಂದು ಕುಣಿ ತೋಡಿ, ಅದರ ದಂಡೆಯ ಮೇಲೆ ಕುಳಿತು, ಕಾಲು ಕೆಳಗೆ ಬಿಟ್ಟು ತುಳಿಯುತ್ತ ಸೀರೆ ನೇಯುವುದು. ಮಗ್ಗ ಬಿಚ್ಚಿ ಎಷ್ಟೋ ವರ್ಷವಾಗಿತ್ತು. ಕುಣಿ ಹಾಗೆಯೇ ಇತ್ತು, ಮೇಲೆ ಹಲಗೆ ಮುಚ್ಚಿಕೊಂಡು. ಕತ್ತಿ ಬೀಸಲು ಜಾಗ ಇದ್ದದ್ದು ಆ ಪಡಸಾಲೆಯಲ್ಲಿ ಮಾತ್ರ. ಬೀದಿಯ ಬಾಗಿಲಿನಿಂದ ಬಂದರೆ ಉದ್ದಕ್ಕೆ ಪಡಸಾಲೆ, ಬಲಕ್ಕೆ ಕುಣಿ, ಕುಣಿಯ ಹತ್ತಿರ ಎಡಕ್ಕೆ ತಿರುಗಿದರೆ ಅಡುಗೆಮನೆ, ಬಚ್ಚಲು, ಮಲಗುವ ಕೋಣೆ. ತಿರುಗದೆ ನೇರ ಹೋದರೆ ಹಿತ್ತಲ ಬಾಗಿಲು, ಅದರ ಹೊಸ್ತಿಲು ದಾಟಿದ ಕೂಡಲೇ ನೆಲದಡಿಯ ನೀರಿನ ಟಾಕಿ. ನಮ್ಮ ಕಡೆ ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ ಎಂದು ಹೇಳಲು ಬರುವುದಿಲ್ಲ. ಬಂದಾಗ ಓಣಿಯ ಎಲ್ಲ ಟಾಕಿಗಳ ಮುಚ್ಚಳ ತೆರೆಯುತ್ತವೆ. ತುಂಬುವವರೆಗೆ ಯಾರೂ ಮುಚ್ಚುವುದಿಲ್ಲ.

ಆ ಕುಣಿಯನ್ನು ಮಣ್ಣು ಹಾಕಿ ಯಾಕೆ ಮುಚ್ಚಿಸಿಲ್ಲ ಎಂದು ನಾನು ಕೇಳಿದಾಗಲೆಲ್ಲ ಬೇರೆ ಬೇರೆ ಉತ್ತರ ಬಂತು. ಒಮ್ಮೆ, ಅಪ್ಪನ ಕಾಲು ಇದ್ದ ಜಾಗ ಎಂದರು. ಇನ್ನೊಮ್ಮೆ, ಗಾರೆ ಕೆಲಸದ ಗೌಂಡಿ ಸಿಗುವುದಿಲ್ಲ ಎಂದರು. ಮತ್ತೊಮ್ಮೆ ನಕ್ಕು, "ಮುಚ್ಚಿದ್ರ ನಿಮಗ ಕಲಸೂದು ಹೆಂಗ?" ಎಂದರು.

ಖರೆ, ಅವರು ಕಲಿಸುತ್ತಿದ್ದುದು ಆ ಕುಣಿಯಿಂದಲೇ.

ನನ್ನ ಮೊದಲ ಪಾಠ ಒಂದು ಭಾನುವಾರ ಮುಂಜಾನೆ. ಅವರ ಹೆಂಡತಿಯನ್ನು ನಾನು ವೈನಿ ಎಂದು ಕರೆಯುತ್ತೇನೆ. ವೈನಿ ಚಹಾ ತಂದಿಟ್ಟು, "ಸರ, ನೀವರ ಇವ್ರಿಗೆ ಬುದ್ಧಿ ಹೇಳ್ರಿ ಅಂದ್ರ ನೀವೂ ಕಣ್ಣ ಕಟ್ಟಿಸಿಕೊಳ್ಳಾಕ ಬಂದೀರಲ್ಲ" ಎಂದು ಒಳಗೆ ಹೋದರು. ಗಣಿತದ ಸರ್ ಹೆಡ್‌ಸೆಟ್ ನನ್ನ ತಲೆಗೆ ಬಿಗಿದರು. ಹಿಡಿಕೆಯ ದಾರವನ್ನು ಮಣಿಕಟ್ಟಿಗೆ ಸುತ್ತಿ ಎಳೆದು ನೋಡಿದರು. ಆಮೇಲೆ, ಕತ್ತಿಗಿಂತ ಮೊದಲು ಗಡಿ ಎಂದರು. ಆಡುವ ಜಾಗದ ಸುತ್ತ ನೆಲದ ಮೇಲೆ ಒಂದು ಗೆರೆ ಹಾಕಿ ಯಂತ್ರಕ್ಕೆ ತೋರಿಸಬೇಕು. ಆ ಗೆರೆಯ ಹತ್ತಿರ ಹೋದರೆ ಕಣ್ಣ ಮುಂದೆ ಜಾಳಿಗೆಯಂಥ ಒಂದು ಗೋಡೆ ಮೂಡಿ ಎಚ್ಚರಿಸುತ್ತದೆ. ನನ್ನ ಕೈ ಹಿಡಿದು ಗೆರೆ ಎಳೆಸಿದರು. ಕುಣಿಯ ದಂಡೆಗೆ ಬಂದಾಗ ಕೈ ಬಿಟ್ಟರು.

"ಹಿಂದ ಏನೈತಿ ಸರ?"

"ಕುಣಿ."

"ಹಲಗಿ ಮುಚ್ಚೈತೋ ತೆಗದೈತೋ?"

"ಮುಚ್ಚಿತ್ತಲ್ರಿ, ಈಗ ನೋಡಿದೆ."

ಆಗ ನನ್ನ ಬೆನ್ನ ಹಿಂದೆ ಕಟ್ಟಿಗೆ ಎಳೆದ ಸದ್ದು ಕೇಳಿಸಿತು. ಕೇಳಿಸಿತು ಎಂದುಕೊಂಡಿದ್ದೇನೆ. ಕಾಲಿನ ಹಿಂಬದಿಗೆ ತಂಪು ತಾಗಿತು, ಹಸಿ ಮಣ್ಣಿನ ವಾಸನೆ ಬಂತು.

"ಹೊಸದಾಗಿ ಆಡೋರೆಲ್ಲ ಮಾಡೂ ತಪ್ಪು ಒಂದ," ಎಂದರು. "ಕತ್ತಿ ಬಂತು ಅಂದ ಕೂಡ್ಲೆ ಹಿಂದ ಸರೀತಾರ. ಹಿಂದ ಸರದ್ರ ಅವ ಮತ್ತ ಮುಂದ ಬರ್ತಾನ. ನೀವು ಎಡಕ್ಕ ಸರೀರಿ, ಬಲಕ್ಕ ಸರೀರಿ, ಅವನ ಸುತ್ತ ಹೋಗ್ರಿ. ಹಿಂದ ಮಾತ್ರ ಬ್ಯಾಡ. ಹಿಂದ ಕುಣಿ ಐತಿ."

ಕಬ್ಬಿಣದ ಟೊಪ್ಪಿಗೆಯವನು ಬಂದ. ನಾನು ಕಂಡಕಂಡ ಹಾಗೆ ಕೈ ಬೀಸಿದೆ. ನನ್ನ ಕತ್ತಿ ಅವನ ಗುರಾಣಿಗೆ ಬಡಿದು ಹುಲ್ಲುಕಡ್ಡಿಯ ಹಾಗೆ ಜಾರಿತು.

"ಬೀಸಬ್ಯಾಡ್ರಿ. ನಿಮ್ಮ ಕೈಯಾಗ ಇರೂದು ಹಗರ. ಆಟದಾಗಿನ ಕತ್ತಿ ಭಾರ. ನೀವು ಜಲ್ದಿ ಮಾಡಿದ್ರ ಅದು ಹಿಂದ ಉಳೀತೈತಿ. ಅದರ ಭಾರಕ್ಕ ನೀವು ತಡೀರಿ. ಅವನ ಕತ್ತಿ ನೋಡಬ್ಯಾಡ್ರಿ, ಹೆಗಲ ನೋಡ್ರಿ. ಹೆಗಲ ಮೊದಲ ಸುಳಿವ ಕೊಡತೈತಿ. ಕಾಲ ಎತ್ತಬ್ಯಾಡ್ರಿ ಸರ, ಸರಸ್ರಿ. ನೆಲಾ ಬಿಟ್ಟ ಕಾಲು ಕುರುಡ ಇರತೈತಿ."

ನಾನು ಒಂದು ಹೆಜ್ಜೆಯೂ ಹಿಂದೆ ಹೋಗಲಿಲ್ಲ. ಕೊನೆಗೆ ಅವನ ಏಟು ಬರುವವರೆಗೆ ಕಾದು, ಗುರಾಣಿಯಿಂದ ಅದನ್ನು ಹೊರಕ್ಕೆ ತಳ್ಳಿ, ಅವನು ಓಲಾಡಿದ ಕ್ಷಣದಲ್ಲಿ ನಿಧಾನಕ್ಕೆ ಕತ್ತಿ ಇಳಿಸಿದೆ. ಬಿದ್ದ. ಹೆಡ್‌ಸೆಟ್ ತೆಗೆಯುವ ಮೊದಲು ಕಣ್ಣು ಮುಚ್ಚಿ ಸ್ವಲ್ಪ ನಿಲ್ಲಿ, ಇಲ್ಲದಿದ್ದರೆ ತಲೆ ತಿರುಗುತ್ತದೆ ಎಂದರು. ನಿಂತೆ. ತೆಗೆದು ಮೊದಲು ತಿರುಗಿ ನೋಡಿದ್ದು ಕುಣಿಯನ್ನು. ಹಲಗೆ ಮುಚ್ಚಿಕೊಂಡೇ ಇತ್ತು.

"ತೆಗದೇ ಇರ್ಲಿಲ್ಲ ಹೌದಲ್ರಿ?" ಎಂದೆ.

"ನಿಮಗೇನ ಅನ್ನಿಸ್ತು?" ಎಂದರು. ಇವತ್ತಿಗೂ ನನಗೆ ತಿಳಿದಿಲ್ಲ. ಆ ತಂಪು ಮಾತ್ರ ನಿಜ ಎಂದು ನನ್ನ ಕಾಲು ಹೇಳುತ್ತದೆ. ಕಾಲಿನ ಸಾಕ್ಷಿಯನ್ನು ನಂಬಬೇಕೋ ಬೇಡವೋ ಧಾರವಾಡದಲ್ಲಿ ಯಾರೂ ಕಲಿಸಲಿಲ್ಲ.

ಪಿ.ಟಿ. ಸರ್ ಮುಂಡರಗಿ ಕಡೆಯವರು. ಕಬಡ್ಡಿಯಲ್ಲಿ ಹೆಸರು ಮಾಡಿದ ಮೈ. ಅವರು ಬಂದ ದಿನ ಹೆಡ್‌ಸೆಟ್ ನೋಡಿ, "ಗಾಣದ ಎತ್ತಿಗೆ ಕಟ್ಟಿದಂಗ ಕಟ್ಟತೀರಲ್ರಿ, ಎಣ್ಣಿ ಎಲ್ಲೆ ಬರತೈತಿ?" ಎಂದರು. ಆಟ ಸುರುವಾದದ್ದೇ ಸುತ್ತಲೂ ಕೈ ಬೀಸಿ, ಗೋಡೆಯ ಗೂಟಕ್ಕೆ ಬೆರಳ ಗಂಟು ಬಡಿದುಕೊಂಡು, "ಅಯ್ಯೋ ನಮ್ಮವ್ವಾ, ಹೊಡದನೋ!" ಎಂದು ಕೂಗಿದರು. ವೈನಿ ಅಡುಗೆಮನೆಯಿಂದ ಓಡಿ ಬಂದರು.

"ಯಾರು ಹೊಡದ್ರು?"

"ಗೂಟ ಹೊಡೀತು," ಎಂದರು ಗಣಿತದ ಸರ್. "ಸರ, ಗಡಿಯ ಜಾಳಗಿ ಕಾಣಲಿಲ್ಲೇನ?"

"ಕಂಡಿತ್ತಲೇ ದೋಸ್ತ. ಅವನೂ ಅಲ್ಲೆ ಇದ್ದ. ಅವನ್ನ ಬಿಡೂದಾ ಜಾಳಗೀ ಸಲುವಾಗಿ?"

"ಅಲ್ಲೆ ನೋಡ್ರಿ ನೀವು ಸತ್ತದ್ದು," ಎಂದರು ಅವರು ಶಾಂತವಾಗಿ. ನಾನು, ಪಿ.ಟಿ. ಸರ್ ಇಬ್ಬರೂ ನಕ್ಕೆವು. ಅವರು ನಗಲಿಲ್ಲ. ಪಿ.ಟಿ. ಸರ್ ಬೆರಳಿಗೆ ಅರಿಶಿಣ ಹಚ್ಚುತ್ತಿದ್ದ ವೈನಿಯೂ ನಗಲಿಲ್ಲ. ಅವರಿಬ್ಬರಿಗೆ ಆಗಲೇ ಗೊತ್ತಿತ್ತು ಎಂದು ಈಗ ತೋರುತ್ತದೆ.

ನನಗೆ ಗೊತ್ತಾದದ್ದು ಶಿರಹಟ್ಟಿಗೆ ಪರೀಕ್ಷೆಯ ಕೆಲಸಕ್ಕೆ ಹೋಗಿ ನಾನು, ಗಣಿತದ ಸರ್ ಇಬ್ಬರೂ ಬಸ್ಸಿನಲ್ಲಿ ಮರಳುವಾಗ. ಸೊರಟೂರಿನಲ್ಲಿ ಬಸ್ಸು ನಿಂತಿತ್ತು. ಕಿಟಕಿಯ ಹೊರಗೆ ಯಾರೋ ಅವರಿಗೆ ನಮಸ್ಕಾರ ಮಾಡಿದರು, ಹಳೆಯ ವಿದ್ಯಾರ್ಥಿ ಇರಬೇಕು. ಅವರು ನೋಡಲಿಲ್ಲ. ಆತ ಕೈ ಇಳಿಸಿ ಹೋದ. ನಾನು ಹೇಳಿದೆ. ಅವರು ಕಿಟಕಿಯಿಂದ ಮುಖ ಹೊರಳಿಸಿ ಕಣ್ಣಿನ ಸಂಗತಿ ಹೇಳಿದರು. ಎಡಗಣ್ಣು ಹರೆಯದಲ್ಲಿಯೇ ಹೋಗಿತ್ತಂತೆ. ಒಳಗಿನ ಪರದೆ ಕಿತ್ತುಬಂದು. ಈಗ ಬಲಗಣ್ಣಿನಲ್ಲಿ ಒತ್ತಡ ಏರುತ್ತಿದೆ, ಬದಿಗಳಿಂದ ಕತ್ತಲಾಗುತ್ತ ಬರುತ್ತದೆ, ಉಳಿದದ್ದನ್ನು ಉಳಿಸಿಕೊಳ್ಳುವುದಷ್ಟೇ ದಾರಿ, ಅದೂ ಖಾತ್ರಿ ಇಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು.

"ನನ್ನ ಕಣ್ಣಿನ ಗಡಿ ಒಳಗ ಬರಾಕತೈತಿ ಸರ," ಎಂದರು. "ಆಟದಾಗ ಆದ್ರ ಜಾಳಗಿ ತೋರಸತೈತಿ. ಇಲ್ಲೆ ತೋರ್ಸೂದಿಲ್ಲ. ನಿನ್ನಿ ಇದ್ದ ಗ್ವಾಡಿ ಇವತ್ತ ಎಲ್ಲೆ ಬಂದೈತಿ ಅಂತ ತಿಳಿಯೂದಿಲ್ಲ."

ನಾನು ಓದಿದವನ ಹಾಗೆ ಮಾತಾಡಿದೆ. ಆ ಯಂತ್ರ ಬಿಡಬೇಕು, ಇನ್ನೊಬ್ಬ ಡಾಕ್ಟರಿಗೆ ತೋರಿಸಬೇಕು, ಹೀಗೆ.

"ತೋರ್ಸೇನಿ. ಎಲ್ಲಾರೂ ಅದನ್ನ ಹೇಳ್ಯಾರ. ನನಗ ಇನ್ನ ಒಂದ ಬೇಕಾಗೇತಿ. ಕತ್ತಲಾದ ಮ್ಯಾಲೆ ನನ್ನ ಮನ್ಯಾಗ ನಾ ಒಬ್ಬನ ಅಡ್ಡಾಡಬೇಕು. ಇಕಿ ಕೈ ಹಿಡಕೊಂಡು ಬಚ್ಚಲಕ್ಕ ಹೋಗೂದು ನನ್ನ ಕಡಿಂದ ಆಗೂದಿಲ್ಲ. ಅಷ್ಟ."

ಬಸ್ಸು ಹೊರಟಿತು.

ಅದಾದ ಮೇಲೆ ಅವರು ಆಡುವುದನ್ನು ನೋಡುವುದು ನನಗೆ ಕಷ್ಟವಾಯಿತು. ಒಂದೇ ಕಣ್ಣಿನವರಿಗೆ ದೂರ ಹತ್ತಿರ ತಿಳಿಯುವುದಿಲ್ಲ. ಆದ್ದರಿಂದ ಅವರು ತಮ್ಮ ಕತ್ತಿಯ ತುದಿಯನ್ನು ಎದುರಾಳಿಯ ಕತ್ತಿಗೆ ಹಗುರಾಗಿ ಒರಗಿಸಿ ಇಡುತ್ತಿದ್ದರು. ತಾಗಿದರೆ ಕೈಯಲ್ಲಿ ಹಿಡಿಕೆ ನಡುಗುತ್ತದೆ. ನಡುಕ ನಿಂತರೆ ಅವನು ಹಿಂದೆ ಸರಿದ, ಹೆಚ್ಚಾದರೆ ಏಟು ಬರುತ್ತಿದೆ. ಅವರು ಏನು ನೋಡುತ್ತಾರೋ ಅದು ಗೋಡೆಯ ಟಿ.ವಿ.ಯಲ್ಲಿ ನಮಗೂ ಕಾಣುತ್ತಿತ್ತು. ಎದುರಾಳಿ ಟಿ.ವಿ.ಯ ಅಂಚಿಗೆ ಹೋದರೂ ಅವರು ತಲೆ ತಿರುಗಿಸುತ್ತಿರಲಿಲ್ಲ. ಅವನ ಕಾಲಿನ ಸದ್ದು ಕೇಳುತ್ತ, ಪಾದ ಸರಿಸುತ್ತ, ಕುಣಿಯ ದಂಡೆಯ ಗುಂಟ ಹೋಗಿ, ಸರಿಯಾದ ಜಾಗದಲ್ಲಿ ಎಡಕ್ಕೆ ಹೊರಳುತ್ತಿದ್ದರು. ಆಗ ಕುಣಿಯ ಹಲಗೆ ತೆಗೆದೇ ಇರುತ್ತಿತ್ತು. ಅದನ್ನು ನಾನು ಖಚಿತವಾಗಿ ಹೇಳಬಲ್ಲೆ. ಅಥವಾ ಹೇಳಬಲ್ಲೆ ಎಂದುಕೊಂಡಿದ್ದೇನೆ.

ಒಂದು ದಿನ ನಾನು, ಪಿ.ಟಿ. ಸರ್ ಹೋದಾಗ ಅವರು ಆಗಲೇ ಆಡುತ್ತಿದ್ದರು. ಟಿ.ವಿ. ಕಪ್ಪಗಿತ್ತು. ವೈನಿ ಬಾಗಿಲ ಹತ್ತಿರ ಮೆಂತ್ಯದ ಸೊಪ್ಪು ಬಿಡಿಸುತ್ತ ಕುಳಿತಿದ್ದರು. ಗಣಿತದ ಸರ್ ಬಹಳ ಹೊತ್ತು ಕತ್ತಿ ತಿರುವಿದರು, ತಪ್ಪಿಸಿಕೊಂಡರು, ಕುಣಿಯ ಸುತ್ತ ಹೋದರು, ಬಂದರು. ಮುಗಿಸಿ ಹೆಡ್‌ಸೆಟ್ ತೆಗೆದು ನನ್ನ ಕೈಗೆ ಕೊಟ್ಟರು. ಆ ಯಂತ್ರ ಸ್ವಲ್ಪ ಹೊತ್ತು ನಡೆದರೂ ಬಿಸಿಯಾಗುತ್ತದೆ. ಆ ದಿನ ತಣ್ಣಗಿತ್ತು. ಒಳಗೆ ಇಣುಕಿದೆ, ಒಂದು ಬೆಳಕಿನ ಚುಕ್ಕೆಯೂ ಇಲ್ಲ.

ಹೊರಗೆ ಬಂದು ಪಿ.ಟಿ. ಸರ್‌ಗೆ ಹೇಳಿದೆ. "ಹುಚ್ಚ ಹಿಡದೈತೇನ್ರಿ ನಿಮಗ?" ಎಂದರು. "ನಾನೂ ಮುಟ್ಟಿ ನೋಡೇನಿ. ರೊಟ್ಟಿ ಹಂಚಿನಂಗ ಸುಡಾಕತಿತ್ತು." ಇಬ್ಬರಲ್ಲಿ ಒಬ್ಬರ ಕೈ ಸುಳ್ಳು ಹೇಳುತ್ತಿದೆ. ವೈನಿಯನ್ನು ಕೇಳಬಹುದಿತ್ತು. ಕೇಳಲಿಲ್ಲ, ಯಾಕೆಂದರೆ ನಾವು ಹೊರಡುವಾಗ ಅವರು ಬಿಡಿಸಿದ ಸೊಪ್ಪನ್ನು ಕಸಕ್ಕೆ ಹಾಕಿ, ಕಡ್ಡಿಗಳನ್ನು ಮೊರದಲ್ಲಿ ತುಂಬಿಕೊಂಡು ಒಳಗೆ ಹೋಗುತ್ತಿದ್ದರು.

ನಿವೃತ್ತಿಯಾದ ಕೆಲವೇ ದಿನಕ್ಕೆ ಬಲಗಣ್ಣಿಗೆ ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ದೃಷ್ಟಿ ಉಳಿಯಬಹುದು ಎಂದಿದ್ದರು. ಉಳಿಯಲಿಲ್ಲ. ಅವರು ದವಾಖಾನೆಯಲ್ಲಿದ್ದಾಗ ವೈನಿಯ ತಮ್ಮ ಬಂದು ಮನೆ ನೋಡಿಕೊಂಡ. ವೈನಿ ಅವನಿಗೆ ಫೋನಿನಲ್ಲಿ ಒಂದು ಕೆಲಸ ಹೇಳಿದ್ದರು: ಇವರು ಮನೆಗೆ ಬರುವ ಮೊದಲು ಆ ಹಾಳು ಕುಣಿ ಮುಚ್ಚಿಸಿಬಿಡು. ಅವನು ಅಕ್ಕನ ಮೇಲಿನ ಪ್ರೀತಿಗೆ ಇನ್ನೂ ನಾಲ್ಕು ಕೆಲಸ ಕೂಡಿಸಿದ. ಮಲ್ಲಸಮುದ್ರದಿಂದ ಗೌಂಡಿಯನ್ನು ಕರೆಸಿ, ಕುಣಿಗೆ ಮಣ್ಣು ತುಂಬಿಸಿ, ಇಡೀ ಪಡಸಾಲೆಗೆ ಟೈಲ್ಸ್ ಹಾಕಿಸಿ, ಗೋಡೆಯ ಗೂಟಗಳನ್ನು ಕೀಳಿಸಿ ಬಣ್ಣ ಬಳಿಸಿದ. ಅಡ್ಡ ಆಗಬಾರದೆಂದು ಮಂಚ, ಕಪಾಟು, ಬೆಂಚು ಎಲ್ಲವನ್ನೂ ಒಳಕೋಣೆಗೆ ಸಾಗಿಸಿದ. ಕುರುಡರಿಗೆ ಎಡವಲು ಏನೂ ಇರಬಾರದು ಎಂದು ಯಾರಾದರೂ ಯೋಚಿಸುವುದು ಹಾಗೆಯೇ.

ಅವರು ಮನೆಗೆ ಬಂದ ದಿನ ಗದಗ ಸ್ಟೇಷನ್ನಿನಿಂದ ಆಟೋದಲ್ಲಿ ಕರೆತಂದವನು ನಾನು. ಬಾಗಿಲಲ್ಲಿ ನನ್ನ ಕೈ ಬಿಡಿಸಿಕೊಂಡರು. "ಇನ್ನ ಮುಂದ ನಂದು" ಎಂದರು. ಚಪ್ಪಲಿ ಬಿಟ್ಟು, ಬಲಪಾದ ಸರಿಸಿ ಒಳಗೆ ಹೋದರು. ಸ್ವಲ್ಪ ದೂರ ಹೋಗಿ ನಿಂತರು. ಪಾದದಿಂದ ಆಚೆ ಈಚೆ ಸವರಿದರು. ಮೂಗು ಏರಿಸಿ ವಾಸನೆ ಹಿಡಿದರು. ಸಿಮೆಂಟು, ಬಣ್ಣ. ಅವರ ಎರಡೂ ಕೈ ತಾವಾಗಿಯೇ ಮೇಲೆದ್ದವು, ಎಡಗೈ ಗುರಾಣಿ ಹಿಡಿದ ಹಾಗೆ, ಬಲಗೈ ಕತ್ತಿ ಚಾಚಿದ ಹಾಗೆ.

"ಇದು ಯಾರ ಮನಿ?" ಎಂದರು.

"ನಮ್ಮ ಮನೀನ ರೀ," ಎಂದರು ವೈನಿ.

"ಕುಣಿ ಎಲ್ಲೈತಿ?"

ವೈನಿ ಹೇಳಿದರು. ಹೇಳುತ್ತ ಹೇಳುತ್ತ ಅವರ ದನಿ ಸಣ್ಣದಾಯಿತು. "ನೀವು ಬೀಳಬಾರದು ಅಂತ ಮಾಡಿಸಿದೆ" ಎಂದಾಗ ಅದು ಕೇಳಿಸಲೇ ಇಲ್ಲ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು. ಅಲ್ಲಿಯೇ, ಆ ನುಣುಪಾದ ನೆಲದ ನಡುವೆ, ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ನಿಂತರು.

"ಅದರ ತಂಪು ಬಲಗಾಲಿಗೆ ತಾಗಿದ ಕೂಡ್ಲೆ ನಾ ಎಡಕ್ಕ ತಿರಗತಿದ್ದೆ," ಎಂದರು. "ಈಗ ಎಲ್ಲೆ ತಿರಗಲಿ?"

ಕುಣಿ ಎಲ್ಲಿತ್ತೆಂದು ಕೇಳಲು ಗೌಂಡಿಗೆ ಫೋನ್ ಮಾಡಿದೆವು, ಎತ್ತಲಿಲ್ಲ. ವೈನಿಯ ತಮ್ಮ ಆಗಲೇ ಲಕ್ಷ್ಮೇಶ್ವರಕ್ಕೆ ಹೊರಟುಹೋಗಿದ್ದ. ಫೋನಿನಲ್ಲಿ ಕೇಳಿದರೆ ಅವನಿಗೆ ಎಲ್ಲ ಟೈಲ್ಸೂ ಒಂದೇ. ವೈನಿ ಬೀದಿಯ ಬಾಗಿಲ ಕಡೆ ಒಂದು ಜಾಗ ತೋರಿಸಿದರು. ನಾನು ಅಲ್ಲ ಎಂದೆ. ಅಷ್ಟು ಮುಂದೆ ಇರಲಿಲ್ಲ, ಹಿತ್ತಲ ಬಾಗಿಲ ಕಡೆಗಿತ್ತು ಎಂದೆ. ವೈನಿ, "ನಾ ದಿನಾ ಕಸ ಹೊಡದೇನಿ ಸರ" ಎಂದರು. ನಾನು, "ನಾ ಅದರ ದಂಡಿಗೆ ಹಿಮ್ಮಡ ಹಚ್ಚಿ ನಿಂತೇನ್ರಿ" ಎಂದೆ. ಅವರು ಇಬ್ಬರ ಮಾತನ್ನೂ ಕೇಳಿ, ಮುಖವನ್ನು ನನ್ನ ಕಡೆ ಹೊರಳಿಸಿದರು.

"ಸರ, ನೀವು ಹೋಗಿ ಆ ಜಾಗಾದಾಗ ನಿಂದರ್ರಿ. ನೀವ ಕುಣಿ."

ನಿಂತೆ. ನಿಂತು ಮಾತಾಡುತ್ತ ಇರಿ ಎಂದರು. ಏನು ಮಾತಾಡಬೇಕೋ ತಿಳಿಯದೆ ಅವರೇ ಕಲಿಸಿದ್ದನ್ನು ಒಪ್ಪಿಸಿದೆ: ಗಡಿ ಮೊದಲು, ಬೀಸಬಾರದು, ಹೆಗಲು ನೋಡಬೇಕು, ಕಾಲು ಎತ್ತಬಾರದು. ಅವರು ನನ್ನ ದನಿಯನ್ನು ಬಲಕ್ಕೆ ಇಟ್ಟುಕೊಂಡು ಬಂದು, ನನ್ನ ಉಸಿರು ತಾಗುವಷ್ಟು ಹತ್ತಿರ ನಿಂತು, ಎಡಕ್ಕೆ ಹೊರಳಿ, ಮತ್ತೆ ಬೀದಿಯ ಬಾಗಿಲಿಗೆ ಮರಳಿದರು. ಹೋದರು. ಬಂದರು. ಮತ್ತೆ ಹೋದರು. ಬಾಗಿಲಿನಿಂದ ನನ್ನವರೆಗಿನ ದೂರವನ್ನಷ್ಟೇ ಪಾದಕ್ಕೆ ಕಲಿಸಿದರು. "ಆತು" ಎಂದರು. ನಾನು ಮನೆಗೆ ಬಂದೆ.

ಅನುಮಾನ ಹತ್ತಿದ್ದು ಊಟಕ್ಕೆ ಕುಳಿತಾಗ. ಪಿ.ಟಿ. ಸರ್ ಬೆರಳು ಬಡಿದುಕೊಂಡ ಗೂಟ ನೆನಪಾಯಿತು. ಅದು ಕುಣಿಯ ಮೇಲಿನ ಗೋಡೆಯಲ್ಲಿತ್ತೋ, ಎದುರಿನದರಲ್ಲೋ? ಕುಣಿಯ ದಂಡೆಗೆ ನಿಂತು ನಾನು ಪಡಸಾಲೆಯನ್ನು ನೋಡಿದ್ದೇನೆಯೇ? ಇಲ್ಲ. ಅಲ್ಲಿ ನಿಂತಾಗಲೆಲ್ಲ ನನ್ನ ಕಣ್ಣು ಕಟ್ಟಿತ್ತು. ನಾನು ನೋಡಿದ್ದು ಮಣ್ಣಿನ ಅಂಗಳವನ್ನು, ಕಬ್ಬಿಣದ ಟೊಪ್ಪಿಗೆಯವನನ್ನು. ಅವರಿಗೆ ತೋರಿಸಿದ ಜಾಗ ಆ ಅಂಗಳದ್ದು. ಮರುದಿನ ಹೋಗಿ ಹೇಳಬೇಕು ಎಂದುಕೊಂಡೆ.

ಮರುದಿನ ಬೆಳಿಗ್ಗೆಯೇ ವೈನಿಯ ಫೋನ್ ಬಂತು. "ಸರ, ಬರ್ರಿ. ಇವ್ರು ನೆಲಾ ಬಡ್ಯಾಕತ್ತಾರ."

ರೈಲ್ವೆ ಸೇತುವೆಯ ಮೇಲೆ ಗಾಡಿ ಓಡಿಸಿಕೊಂಡು ಹೋದೆ. ಅವರು ಪಡಸಾಲೆಯ ನೆಲದ ಮೇಲೆ ಮೊಣಕಾಲೂರಿ ಕುಳಿತಿದ್ದರು. ಕೈಯಲ್ಲಿ ಸುತ್ತಿಗೆ, ಅದರ ಹಿಡಿಯಿಂದ ಟೈಲ್ಸನ್ನು ಒಂದೊಂದಾಗಿ ತಟ್ಟಿ ಕಿವಿಗೊಡುತ್ತಿದ್ದರು. ನಸುಕಿನಲ್ಲಿ ಒಬ್ಬರೇ ಎದ್ದು ಬಚ್ಚಲಿಗೆ ಹೋಗಿ ಬಂದರಂತೆ. ಬೀದಿಯ ಬಾಗಿಲು ತೆರೆದು ಹಾಲು ತೆಗೆದುಕೊಂಡು, ನಾನು ಹೇಳಿಕೊಟ್ಟ ಜಾಗಕ್ಕೆ ಬಂದು ತಿರುಗಿದಾಗ ಎದುರಿಗೆ ಅಡುಗೆಮನೆ ಇರಲಿಲ್ಲ, ಗೋಡೆ. ಗೋಡೆ ಸವರುತ್ತ ಹೋದರು. ಕೊನೆಗೆ ಕಾಲ್ಬೆರಳ ತುದಿಗೆ ಎತ್ತರದ ಕಲ್ಲೊಂದು ತಾಗಿತು. ಹಿತ್ತಲ ಹೊಸ್ತಿಲು.

"ಕಾಲ ಎತ್ತಿ ನಡದಿದ್ರ ದಾಟೇ ಬಿಡ್ತಿದ್ದೆ ಸರ," ಎಂದರು, ತಟ್ಟುವುದನ್ನು ನಿಲ್ಲಿಸದೆ. "ಬರ್ರಿ. ನಿನ್ನಿ ನೀವು ನಿಂತಿದ್ದು ಇಲ್ಲೇ ಹೌದಲ್ಲ? ಕೇಳ್ರಿ."

ಟಕ್, ಟಕ್. ಗಟ್ಟಿ ಸದ್ದು.

"ಇದು ಇಕಿ ತೋರಿಸಿದ್ದು."

ಟಕ್, ಟಕ್. ಅದೂ ಗಟ್ಟಿ.

ಅವರು ಅಂಗೈಯಿಂದ ನೆಲ ಸವರುತ್ತ ನಡುವೆ ಹೋದರು. ಒಂದು ಕಡೆ ಸದ್ದು ಬದಲಾಯಿತು. ಡಬ್. ಪಕ್ಕದ್ದು ತಟ್ಟಿದರು. ಡಬ್. ಹೊಸದಾಗಿ ತುಂಬಿದ ಮಣ್ಣು ಕುಸಿದು ಟೈಲ್ಸಿನ ಕೆಳಗೆ ಪೊಳ್ಳು ಬಿದ್ದ ಸದ್ದು. ಆ ಜಾಗಕ್ಕೂ ನಾನು ನಿಂತಿದ್ದ ಜಾಗಕ್ಕೂ ನಡುವೆ ಒಬ್ಬ ಮನುಷ್ಯನನ್ನು ಉದ್ದಕ್ಕೆ ಮಲಗಿಸಬಹುದಿತ್ತು.

"ಇಲ್ಲೈತಿ," ಎಂದರು. ಸುತ್ತಿಗೆಯನ್ನು ತಿರುಗಿಸಿ ಹಿಡಿದರು. ಆದರೆ ಹೊಡೆಯಲಿಲ್ಲ. ವೈನಿ ಇದ್ದ ದಿಕ್ಕಿಗೆ ಮುಖ ಎತ್ತಿ ಕಾದರು.

ವೈನಿ ಆ ಹೊಳೆಯುವ ನೆಲವನ್ನು ಒಮ್ಮೆ ನೋಡಿದರು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಗಿಸಿ, ಅವರ ಕೈಯಿಂದ ಸುತ್ತಿಗೆ ತೆಗೆದುಕೊಂಡು, "ಸರೀರಿ, ಕಣ್ಣಿಗೆ ಚೂರ ಸಿಡದಾವು" ಎಂದು, ತಾವೇ ಹೊಡೆದರು. ಎರಡನೆಯ ಏಟಿಗೆ ಟೈಲ್ಸು ಒಡೆದು ಒಳಗೆ ಬಿತ್ತು. ಹಸಿ ಮಣ್ಣಿನ ವಾಸನೆ ಎದ್ದು ಬಂತು.

ಅವರು ಆ ತೂತಿನ ಮೇಲೆ ಅಂಗೈ ಹಿಡಿದರು. ಒಲೆಯ ಮುಂದೆ ಚಳಿ ಕಾಯಿಸಿಕೊಳ್ಳುವವರು ಹಿಡಿಯುವ ಹಾಗೆ. ಮುಖದ ಗಂಟು ಸಡಿಲಾಯಿತು. ನಾನೂ ನೆಮ್ಮದಿಯಿಂದ ಒಂದು ಹೆಜ್ಜೆ ಹಿಂದೆ ಸರಿದೆ, ಅವರಿಗೆ ಜಾಗ ಆಗಲೆಂದು. ಇನ್ನೊಂದು ಹೆಜ್ಜೆ ಎತ್ತಿದ್ದೆ. ಹಿಮ್ಮಡಿಗೆ ಕಲ್ಲು ತಾಗಿತು.

ಅವರ ಕೈ ಅಲ್ಲಿಯೇ ನಿಂತಿತು. ತಲೆ ನನ್ನ ಕಡೆ ತಿರುಗಿತು.

"ಸರ, ಹಿಂದ ಏನೈತಿ?"

"ಹಿತ್ತಲ ಬಾಗಿಲ," ಎಂದೆ.

"ತೆರದೈತೋ ಮುಚ್ಚೈತೋ?"

ನನಗೆ ಗೊತ್ತಿರಲಿಲ್ಲ. ಬಂದಾಗ ನೋಡಿರಲಿಲ್ಲ. ವೈನಿ ಸುತ್ತಿಗೆ ಹಿಡಿದ ಕೈಯನ್ನು ಬಾಯಿಗೆ ಒತ್ತಿಕೊಂಡು ನನ್ನ ಬೆನ್ನ ಹಿಂದೆ ನೋಡುತ್ತಿದ್ದರು. ಮುಂಜಾನೆ ನಲ್ಲಿಗೆ ನೀರು ಬಂದಿತ್ತು ಎಂದು ಆಗ ಅವರಿಗೆ ನೆನಪಾಗಿರಬೇಕು. ಎತ್ತಿದ ಕಾಲನ್ನು ನಾನು ಇದ್ದಲ್ಲಿಯೇ ಇಳಿಸಿದೆ. ಆಮೇಲೆ, ಅವರಿಗೆ ಮೊದಲಿನಿಂದ ಕೇಳಿಸುತ್ತಿದ್ದದ್ದು ನನಗೂ ಕೇಳಿಸಿತು. ನನ್ನ ಹಿಮ್ಮಡಿಯ ಹಿಂದೆ, ಬಹಳ ಕೆಳಗೆ, ತೆರೆದ ಟಾಕಿಯಲ್ಲಿ ನೀರು ಬೀಳುತ್ತಿತ್ತು.